ಮೋ ಯೊನ್‌ಸಿಲ್ ಸಹಿ ಹಾಕದ ಏಳು ಹಾಳೆ

“ಮೂರನೇ ಸಲ ಹೇಳ್ತಾ ಇದ್ದೀನಿ, ಕೇಳಿಸ್ಕೊಳ್ಳಿ ಸಾಹುಕಾರ್ರೆ. ತಗೊಂಡೋಗಿ, ಗೋಡೆಗೆ ಹಾಕ್ಕೊಳ್ಳಿ, ಬೇಕಾದ್ರೆ ಒಲೆಗೆ ಹಾಕಿ. ಆದ್ರೆ ಅಮ್ಮಾವ್ರ ಹೆಸ್ರು ಮಾತ್ರ ಅದರ ಮೇಲೆ ಬರೀಬೇಡಿ.”

ಮುದುಕ ಓಕ್ ಮಾನ್‌ಸು ಹೀಗೆಂದದ್ದು ಉಲ್‌ಜಿರೊ ಅಚ್ಚುಕೂಟಗಳ ಓಣಿಯ ಒಂದು ನೆಲಮಾಳಿಗೆಯಲ್ಲಿ. ಹೊರಗೆ ಮಟಮಟ ಮಧ್ಯಾಹ್ನ; ಒಳಗೆ ಅದು ಗೊತ್ತಾಗಬೇಕಾದರೆ ಗಡಿಯಾರ ನೋಡಬೇಕು. ಕಾಲುದಾರಿಯ ಮಟ್ಟಕ್ಕೆ ಒಂದು ಗೇಣಿನ ಕಿಟಕಿ, ಅದರಾಚೆ ಹೋಗಿಬರುವವರ ಬೂಟುಗಳು, ಕಾಗದದ ಹೊರೆ ಹೊತ್ತ ಮೂರು ಚಕ್ರದ ಬೈಕುಗಳ ಗಡಗಡ. ಒಳಗೆಲ್ಲ ಅಗಸೆ ಎಣ್ಣೆ, ಸೀಮೆಎಣ್ಣೆ, ಒದ್ದೆ ಕಲ್ಲಿನ ವಾಸನೆ. ಇವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಅದು ಮುದುಕ ಮೇಜಿನ ಮೇಲೆ ಬಿಚ್ಚಿಟ್ಟ ಹಾಳೆಗಳಿಂದ ಬರುತ್ತಿತ್ತು. ಸುಟ್ಟ ಕೂದಲಿನ ವಾಸನೆ.

ಗಿಲ್ ದೋಜುನ್ ನಕ್ಕ. ಅವನದು ತುಟಿಯ ಒಂದೇ ಮೂಲೆಯ ನಗು. ಪೂರ್ತಿ ನಗಲು ಎದುರಿಗಿರುವವರಿಗೆ ಯೋಗ್ಯತೆ ಬೇಕು ಎನ್ನುವಂಥದು. ಹದಿನಾಲ್ಕು ವರ್ಷ ಲಂಡನ್ನಿನಲ್ಲಿದ್ದು, ಐದು ತಿಂಗಳ ಹಿಂದೆ ತನ್ನ ದೇಶದ ರಾಜಧಾನಿ ಸೋಲ್‌ಗೆ ಮರಳಿ ಸಾಮ್‌ಚೊಂಗ್ ಬೀದಿಯಲ್ಲಿ ಗ್ಯಾಲರಿ ತೆರೆದಿದ್ದ. ಹುಟ್ಟಿದ್ದು ದೇಗುವಿನ ಬಟ್ಟೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಆ ಊರಿನ ರಾಗ ಮಾತಿನಲ್ಲಿ ಎಲ್ಲಿ ಇಣುಕೀತೋ ಎಂದು ತನ್ನ ಭಾಷೆಯನ್ನೇ ಬೇಸರದಿಂದ ಆಡುವವನಂತೆ ಆಡುತ್ತಿದ್ದ. ಇಂಥವರು ಪ್ರತಿ ವರ್ಷ ವಿಮಾನ ತುಂಬ ಬಂದಿಳಿಯುತ್ತಾರೆ. ಕೊರಳಿಗೊಂದು ಉಣ್ಣೆ ಶಾಲು, ಬಾಯಿಗೊಂದು ನಿಟ್ಟುಸಿರು.

“ಕಲ್ಲಿದ್ದಲು ಬುಟ್ಟಿ ಉರುಳಿಸಿದ ಹಾಗಿದೆ” ಎಂದ ಹಾಳೆ ನೋಡಿ.

ಅದು ಹಾಗೇ ಇತ್ತೆನ್ನಿ. ಬಿಳಿ ಕಾಗದದ ನಡುವೆ ವಾಲಿ ನಿಂತ ಕರಿಯ ರಾಶಿ, ಅದರ ಹೊಟ್ಟೆಯಲ್ಲಿ ಅಂಗೈಯಷ್ಟಗಲ ಮಸಿ ತಾಗದ ಪೊಳ್ಳು. ಆ ಪೊಳ್ಳಿನ ಬಗ್ಗೆ ವಿಮರ್ಶಕರು ಪುಸ್ತಕ ಬರೆದಿದ್ದರು. ದೋಜುನ್‌ಗೆ ಆ ಪುಸ್ತಕಗಳ ಬಗ್ಗೆಯೂ ತಾತ್ಸಾರ, ಚಿತ್ರದ ಬಗ್ಗೆಯೂ ತಾತ್ಸಾರ. ಅವನಿಗೆ ಬೇಕಾಗಿದ್ದು ಚಿತ್ರವಲ್ಲ, ಅದರ ಕೆಳಗಿನ ಬಲ ಅಂಚು. ಅಲ್ಲಿ ಪೆನ್ಸಿಲ್ಲಿನ ಮೂರು ಅಕ್ಷರದ ಸಹಿ ಇದ್ದರೆ ಅದು ಮೋ ಯೊನ್‌ಸಿಲ್‌ಳ ಕೊನೆಯ ಕಲ್ಲಚ್ಚು. ಇಲ್ಲದಿದ್ದರೆ ಮಸಿ ಬಳಿದ ಕಾಗದ. ಈ ಕಸುಬಿನ ರೀತಿಯೇ ಅದು. ಕಲ್ಲಿನ ಮೇಲೆ ಬರೆದ ಚಿತ್ರವನ್ನು ಲೆಕ್ಕ ಹಾಕಿ ನಲವತ್ತೇ ಪ್ರತಿ ತೆಗೆಯುತ್ತಾರೆ, ಮರಳು ಹಾಕಿ ಕಲ್ಲನ್ನು ಉಜ್ಜಿ ಚಿತ್ರ ಅಳಿಸುತ್ತಾರೆ, ಆಮೇಲೆ ಕಲಾವಿದೆ ಕೂತು ಒಂದೊಂದಕ್ಕೂ ಸಂಖ್ಯೆ ಬರೆದು ಸಹಿ ಹಾಕುತ್ತಾಳೆ. ಮೋ ಯೊನ್‌ಸಿಲ್ ಮೂವತ್ಮೂರಕ್ಕೆ ಹಾಕಿದಳು. ಮೂವತ್ತನಾಲ್ಕನೆಯದಕ್ಕೆ ಪೆನ್ಸಿಲ್ ಎತ್ತಿದವಳು ಇದೇ ನೆಲಮಾಳಿಗೆಯ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಳು. ಇಪ್ಪತ್ತು ವರ್ಷದಿಂದ ಸಂಗ್ರಾಹಕರು ಉಳಿದ ಏಳನ್ನು ಹುಡುಕುತ್ತಿದ್ದರು. ಅವಕ್ಕೆ ಸಹಿಯೇ ಬಿದ್ದಿಲ್ಲವೆಂದು ಗೊತ್ತಿದ್ದದ್ದು ಅಚ್ಚು ತೆಗೆದ ಓಕ್ ಮುದುಕನಿಗೆ ಮಾತ್ರ.

“ಸಹಿ ಬೀಳದ ಹಾಳೇನ ಸಾಕ್ಷಿಗಳ ಮುಂದೆ ಹರಿದು ಹಾಕೋದು ತಾನೇ ನಿಮ್ಮ ಪದ್ಧತಿ? ಯಾಕೆ ಹರೀಲಿಲ್ಲ?”

“ಅಮ್ಮಾವ್ರು ಬಿಡ್ಲಿಲ್ಲ. ‘ಕೇಳ್ಕೊಂಡು ಒಬ್ಬ ಬರ್ತಾನೆ ಮಾನ್‌ಸು. ಮೂರು ಸಲ ಬೇಡ ಅನ್ನು. ಆಮೇಲೂ ಕೈ ಚಾಚಿದ್ರೆ ಕೊಟ್ಟುಬಿಡು’ ಅಂದಿದ್ರು.”

“ಸಾಯೋಕೆ ಮುಂಚೆ ಅಂದಿದ್ರಾ, ಸತ್ತ ಮೇಲಾ?”

ಮುದುಕ ಆ ಚುಚ್ಚುಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಗುರಿನ ಸಂದಿಯ ಎಷ್ಟೋ ವರ್ಷದ ಮಸಿಯನ್ನು ಕೆರೆಯುತ್ತ ಹೇಳಿದ. “ಮಸಿ ಕಲಸಿದ ದಿನ. ವಯಸ್ನಲ್ಲಿದ್ದಾಗ ಅಮ್ಮಾವ್ರಿಗೆ ಕ್ಷಯ ಆಗಿತ್ತು. ಆಸ್ಪತ್ರೇಲಿ ಬಿದ್ದಿದ್ದಾಗ ಯಾವನೋ ದಲ್ಲಾಳಿ ಅವ್ರ ಹೆಸ್ರು ತಾನೇ ಬರ್ಕೊಂಡು ಮಾರಿದ್ದ. ಗಂಡ ಇಲ್ಲ, ಮಕ್ಕಳಿಲ್ಲ, ಇದ್ದಿದ್ದು ಅದೊಂದು ಹೆಸ್ರು. ಇನ್ವಾಂಗ್ ಬೆಟ್ಟದಲ್ಲಿ ಒಬ್ಬ ಮಾಟದ ಹೆಂಗಸಿದ್ಲು. ಅವಳ ಹತ್ರ ಹೋಗಿ, ಸೊಂಟದ ತನಕ ಇದ್ದ ಕೂದ್ಲು ಕತ್ತರಿಸಿ, ಮಂತ್ರ ಬರೆದ ಯಂತ್ರದ ಕಾಗದದ ಜೊತೆ ಸುಟ್ಟು, ಆ ಕಾಡಿಗೇನ ಮಸಿಗೆ ಅಂತ ತಂದ್ರು. ನಾನೇ ಅರೆದೆ. ಅರೆಯೋವಾಗ ಪಕ್ಕದಲ್ಲಿ ಕೂತು ಒಂದೇ ಮಾತು ಹೇಳ್ತಿದ್ರು. ‘ನನ್ನ ಹೆಸ್ರು ಕದ್ದೋನ ಮನೇಲಿ ನಾನು ಹುಟ್ತೀನಿ.’” ಮುದುಕ ತಲೆಯೆತ್ತಿದ. “ನಿಮ್ಮ ಮನೆಯವ್ರು ಬಸುರಿ ಅಂದ್ರಲ್ಲ ಸಾಹುಕಾರ್ರೆ.”

“ಅಜ್ಜ, ಈ ಕತೇನ ಪ್ರದರ್ಶನದ ದಿನ ಬಂದು ಹೇಳ್ತೀರಾ? ಒಳ್ಳೇ ಊಟ ಹಾಕಿಸ್ತೀನಿ” ಎಂದು ದೋಜುನ್ ಹಾಳೆಗಳನ್ನು ಸುತ್ತಿ ಕಂಕುಳಿಗೆ ಸೇರಿಸಿಕೊಂಡ. ಮೆಟ್ಟಿಲು ಹತ್ತುವಾಗ ಮೂಗಿಗೆ ಕರವಸ್ತ್ರ ಹಿಡಿದಿದ್ದ.

ಲಂಡನ್ನಿನಲ್ಲಿ ಅವನು ಏನು ಮಾಡುತ್ತಿದ್ದನೆಂದು ಯಾರಾದರೂ ಕೇಳಿದರೆ ‘ಕಲಾಲೋಕದಲ್ಲಿದ್ದೆ’ ಎನ್ನುತ್ತಿದ್ದ. ಹುಳು ತಿಂದ ಹಳೆಯ ಚಿತ್ರಗಳ ತೂತುಗಳಿಗೆ ಮೂಲದವರ ಕೈಯನ್ನೇ ಅನುಕರಿಸಿ ಗೆರೆ ತುಂಬುವ ಕೆಲಸ ಅದು. ಇನ್ನೊಬ್ಬರ ಕೈ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಇದು ಮಾತ್ರ ನಿಜ. ಎರಡು ವಾರ ಹಳೆಯ ಪತ್ರಿಕೆಗಳ ಮೇಲೆ ಅಭ್ಯಾಸ ಮಾಡಿದ. ಮೋ, ಯೊನ್, ಸಿಲ್. ಮೂರು ಅಕ್ಷರ, ಮುದುಕಿಯ ನಡುಕ, ಕೊನೆಗೆ ಪೆನ್ಸಿಲ್ ಎತ್ತುವ ರೀತಿ. ಎಲ್ಲ ಕೈಗೆ ಕೂತಿತು. ತನ್ನದೇ ಸಹಿಗಿಂತ ಸಲೀಸಾಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಮೂರು ಗಂಟೆಗೆ, ಹೊರಗೆ ಹಿಮ ಉದುರುತ್ತಿರುವಾಗ, ಗ್ಯಾಲರಿಯ ಹಿಂದಿನ ಕೋಣೆಗೆ ಚಿಲಕ ಹಾಕಿ ಕೂತ.

ಮೊದಲ ಹಾಳೆ. ಎಡಕ್ಕೆ ಸಂಖ್ಯೆ, ಬಲಕ್ಕೆ ಹೆಸರು. ಕೈ ಅಲುಗಲಿಲ್ಲ. ಎರಡನೆಯದು, ಮೂರನೆಯದು. ತನ್ನ ಕೈಯನ್ನು ತಾನೇ ಮೆಚ್ಚಿಕೊಂಡ. ನಾಲ್ಕನೆಯದರ ಹೊತ್ತಿಗೆ ಎಲ್ಲಿಂದಲೋ ಒಂದು ಸದ್ದು ಬರತೊಡಗಿತು. ಮರಳು ಹಾಕಿ ಕಲ್ಲು ಉಜ್ಜುವ ಸದ್ದು, ಗರ್ರ್, ಗರ್ರ್, ಸುತ್ತು ಸುತ್ತು. ಹಿಮ ಗೋರುವವರಿರಬೇಕೆಂದುಕೊಂಡ. ಐದನೆಯದಕ್ಕೆ ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಇಳಿಯಿತು. ಕಿಟಕಿ ತೆರೆದ, ವಾಸನೆ ಹೋಗಲಿಲ್ಲ, ಚಳಿ ಒಳಬಂತು. ಆರನೆಯದು ಮುಗಿದಾಗ ಬೆರಳುಗಳು ಕಪ್ಪಗಿದ್ದವು. ಇಪ್ಪತ್ತು ವರ್ಷ ಒಣಗಿದ ಮಸಿ. ಒದ್ದೆಯಾಗಿತ್ತು. ಒರೆಸಿಕೊಂಡ.

ಏಳನೆಯದು. ಮೋ ಎಂದು ಬರೆದ. ಸದ್ದು ಹತ್ತಿರ ಬಂತು. ಯೊನ್. ಸದ್ದು ಮೇಜಿನ ಕೆಳಗಿತ್ತು. ಸಿಲ್. ಮುಗಿಯಿತು. ಪೆನ್ಸಿಲ್ ಎತ್ತಬೇಕು. ಎತ್ತಲಾಗಲಿಲ್ಲ. ಕೈ ಮತ್ತೆ ಹೊರಟಿತು. ಹಾಳೆ ದಾಟಿ ಮೇಜಿನ ಮರದ ಮೇಲೆ ಬರೆಯಿತು. ಮೋ ಯೊನ್‌ಸಿಲ್. ಮೋ ಯೊನ್‌ಸಿಲ್. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದ. ತಣ್ಣಗಿತ್ತು. ತನ್ನದೆನಿಸಲಿಲ್ಲ. ಪೆನ್ಸಿಲ್ಲಿನ ಮೊನೆ ಮುರಿಯಿತು. ಮರ ಗೀರುತ್ತ ಬರೆಯಿತು. ಗರ್ರ್, ಗರ್ರ್. ಆಗ ಫೋನು ಬಡಿದುಕೊಂಡಿತು, ಕೈ ದೊಪ್ಪನೆ ಮೇಜಿನ ಮೇಲೆ ಬಿತ್ತು.

ಹೆಂಡತಿ ಬೋರಾ ಫೋನಿನಲ್ಲಿ ಏದುಸಿರು ಬಿಡುತ್ತಿದ್ದಳು. “ರೀ, ನೀರು ಒಡೆದುಹೋಯ್ತು. ಇನ್ನೂ ಮೂರು ವಾರ ಇತ್ತಲ್ರೀ! ಬೇಗ ಬನ್ನಿ.”

ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು. ತೊಳೆದು ತಂದುಕೊಟ್ಟ ನರ್ಸು, “ಅಳ್ತಾನೇ ಇಲ್ಲ ನೋಡಿ ಪುಟ್ಟಿ. ಬಲಗೈ ಮೂರು ಬೆರಳು ಮಾತ್ರ ಬಿಡಿಸೋಕೆ ಬಿಡ್ತಿಲ್ಲ, ಏನೋ ಹಿಡ್ಕೊಂಡಂಗೆ ಇಟ್ಕೊಂಡಿದೆ” ಎಂದಳು. ದೋಜುನ್ ನೋಡಿದ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಮಗುವಿನ ನೆತ್ತಿಯಿಂದ ಸೋಪಿನ ವಾಸನೆ ಬರುತ್ತಿತ್ತು, ಅದರಡಿಯಲ್ಲಿ ಇನ್ನೊಂದು ವಾಸನೆ. ಕೋಟಿಗೆ ಅಂಟಿಕೊಂಡಿದ್ದಿರಬೇಕೆಂದು ಕೋಟನ್ನು ಡ್ರೈಕ್ಲೀನಿಗೆ ಕೊಟ್ಟ. ಇಂಥ ಜಾಣರಿಗೆ ಎಲ್ಲದಕ್ಕೂ ಒಂದು ಡ್ರೈಕ್ಲೀನು ಇರುತ್ತದೆ.

ಬೋರಾ ಬಾಣಂತಿ ಆರೈಕೆ ಮನೆಯಲ್ಲಿ ಕಡಲಪಾಚಿ ಸಾರು ಕುಡಿಯುತ್ತಿದ್ದ ದಿನಗಳಲ್ಲೇ ಏಳು ಹಾಳೆಗಳಿಗೂ ಅಸಲಿಯೆಂಬ ಪ್ರಮಾಣಪತ್ರ ಸಿಕ್ಕಿತು. ಕೊಟ್ಟವನು ಪ್ರೊಫೆಸರ್ ಹ್ವಾಂಗ್‌ಬೊ, ಮೋ ಯೊನ್‌ಸಿಲ್ ವಿಷಯದಲ್ಲಿ ದೇಶಕ್ಕೆಲ್ಲ ಅವನೇ ಕೊನೆಯ ಮಾತು. ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿ, “ಈ ನಡುಕ ಇದ್ಯಲ್ಲ, ಇದನ್ನ ಯಾರಿಂದಲೂ ನಕಲು ಮಾಡೋಕಾಗಲ್ಲ” ಎಂದ. ದೋಜುನ್ ತುಟಿಯ ಮೂಲೆಯಲ್ಲೇ ನಕ್ಕ. ಐದು ಹಾಳೆ ಒಡನೆ ದೊಡ್ಡ ದೊಡ್ಡ ಮನೆಗಳ ಗೋಡೆ ಸೇರಿದವು. ಎರಡನ್ನು ಗ್ಯಾಲರಿಯ ಶೋಭೆಗೆ ಇಟ್ಟುಕೊಂಡ.

ಆ ತಿಂಗಳೇ ಮಗುವಿನ ಹೆಸರು ದಾಖಲು ಮಾಡಿಸಲು ವಾರ್ಡಿನ ಕಚೇರಿಗೆ ಹೋಗಿದ್ದ. ಹೆಸರು ನಿಶ್ಚಯವಾಗಿತ್ತು: ಅರಿನ್. ಬೋರಾಳ ಅಪ್ಪ ಹೆಸರಿಡುವವನ ಬಳಿ ಹೋಗಿ, ಹುಟ್ಟಿದ ಗಳಿಗೆಗೆ ಹೊಂದಿಸಿ ತಂದ ಹೆಸರು. ದೋಜುನ್ ಅದಕ್ಕೂ ಮೂಗು ಮುರಿದಿದ್ದ, ಆದರೆ ಒಳಗೊಳಗೆ ಹಿಡಿಸಿತ್ತು; ಕಾರಿನಲ್ಲಿ ಒಬ್ಬನೇ ಇದ್ದಾಗ ಎರಡು ಮೂರು ಸಲ ಹೇಳಿಕೊಂಡಿದ್ದ. ಕಚೇರಿಯಲ್ಲಿ ಗಿರಾಕಿಯೊಬ್ಬನ ಫೋನು ಬಂತು. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಅರ್ಜಿ ತುಂಬಿ, ತಿರುಗಿ ಓದದೆ ತಳ್ಳಿದ. ತನ್ನ ಕೈ ತಪ್ಪು ಮಾಡುತ್ತದೆಂದು ಅವನಿಗೆ ಯಾವತ್ತೂ ಅನಿಸಿದ್ದಿಲ್ಲ.

ವಾರದ ಮೇಲೆ ಕಾಗದ ಮನೆಗೆ ಬಂತು.

“ರೀ, ಇದೇನ್ರೀ ಇದು? ಯೊನ್‌ಸಿಲ್?” ಬೋರಾ ಅಡುಗೆಮನೆಯಿಂದಲೇ ಕೂಗಿದಳು. “ನಮ್ಮಜ್ಜಿ ಕಾಲದ ಹೆಸ್ರು! ಅರಿನ್ ಎಲ್ಲಿ ಹೋಯ್ತು?”

ದೋಜುನ್ ಕಾಗದ ಕಸಿದುಕೊಂಡ. ಗಿಲ್ ಯೊನ್‌ಸಿಲ್, ಹೆಣ್ಣು. ಆ ಗಳಿಗೆಯಲ್ಲಿ ಅವನು ನಿಜ ಹೇಳಿಬಿಡಬಹುದಿತ್ತು. ಹೆಂಡತಿಯ ಮುಂದೆ ಮೂರ್ಖನಾಗುವುದಕ್ಕಿಂತ ಸುಳ್ಳು ಸುಲಭವೆನಿಸಿತು.

“ನಾನೇ ಇಟ್ಟೆ. ಮೋ ಯೊನ್‌ಸಿಲ್ ಹೆಸ್ರು ಕಣೆ. ನಮಗೆ ಅನ್ನ ಕೊಟ್ಟೋರು. ನಿಂಗೆ ಆಶ್ಚರ್ಯ ಆಗ್ಲಿ ಅಂತ…”

“ಆಶ್ಚರ್ಯ ಆಯ್ತು ಬಿಡಿ. ನಮ್ಮಪ್ಪನಿಗೆ ನೀವೇ ಹೇಳಿ.” ಬೋರಾ ಎರಡು ದಿನ ಮಾತು ಬಿಟ್ಟಳು.

ಕೋರ್ಟಿಗೆ ಹಾಕಿ ಬದಲಾಯಿಸೋಣವೆಂದು ಅವನು ಗುಟ್ಟಾಗಿ ಅರ್ಜಿ ತಂದು ತುಂಬಲು ಕೂತ. ಅರಿನ್ ಎಂದು ಬರೆಯಬೇಕಾದಲ್ಲಿ ಯೊನ್‌ಸಿಲ್ ಬಂತು. ಅರ್ಜಿದಾರನ ಹೆಸರಿನಲ್ಲಿ ಮೋ ಯೊನ್‌ಸಿಲ್ ಬಂತು. ವಿಳಾಸದಲ್ಲೂ ಅದೇ. ಇನ್ನೊಂದು ಹಾಳೆ ತೆಗೆದುಕೊಂಡ. ಅದೇ. ಕಸದ ಬುಟ್ಟಿ ತುಂಬಿತು. ಅಂದಿನಿಂದ ಲೇಖನಿ ಮುಟ್ಟುವುದನ್ನೇ ಬಿಟ್ಟು, ಕಾಗದಪತ್ರಕ್ಕೆಲ್ಲ ತಾತನ ಕಾಲದವರಂತೆ ಹೆಸರಿನ ಮುದ್ರೆ ಒತ್ತತೊಡಗಿದ. ಊರಿನ ಜನ ಎಂಥವರೆಂದರೆ, ಲಂಡನ್ನಿನಿಂದ ಬಂದವನು ಹಳೆಯ ಪದ್ಧತಿ ಉಳಿಸಿಕೊಂಡಿದ್ದಾನೆಂದು ಪತ್ರಿಕೆಯಲ್ಲಿ ಬರೆದರು.

ಮನೆಯಲ್ಲಿ ಬೋರಾ ಮಗುವನ್ನು ಅರಿನ್ ಎಂದೇ ಕರೆದಳು. ಮಗು ತಿರುಗುತ್ತಿರಲಿಲ್ಲ. ಒಂದು ದಿನ ಸಿಟ್ಟಿಗೆ “ಯೊನ್‌ಸಿಲ್!” ಅಂದಳು. ಕತ್ತು ತಟ್ಟನೆ ತಿರುಗಿತು. ಆಮೇಲೆ ಕೆಲಸವಾಗಬೇಕಾದರೆ ಹಾಗೇ ಕರೆಯತೊಡಗಿದಳು, ರೂಢಿಯಾಯಿತು.

“ಹಾಲು ಕುಡಿಯೋವಾಗ್ಲೂ ನನ್ನ ಮುಖ ನೋಡಲ್ಲ ರೀ. ಬಾಡಿಗೆ ಮನೆ ನೋಡೋಕೆ ಬಂದೋರ ಥರ ಗೋಡೆ ನೋಡ್ತಾಳೆ” ಎಂದು ಒಮ್ಮೆ ಅತ್ತಳು.

ನಿಜವಾಗಿ ಹಾಗೇ ನೋಡುತ್ತಿತ್ತು ಆ ಮಗು. ಗ್ಯಾಲರಿಗೆ ಎತ್ತಿಕೊಂಡು ಹೋದರೆ ಯುವ ಕಲಾವಿದರ ಚಿತ್ರಗಳ ಮುಂದೆ ಮೂಗಿನಿಂದ ಒಂದು ಉಸಿರು ಬಿಡುತ್ತಿತ್ತು. ತನ್ನವೇ ಎರಡು ಹಾಳೆಗಳ ಮುಂದೆ ಮಾತ್ರ ಸುಮ್ಮನೆ ನೋಡುತ್ತಿತ್ತು, ಕರಿಯ ರಾಶಿಯನ್ನಲ್ಲ, ಕೆಳಗಿನ ಬಲ ಅಂಚನ್ನು. ನೋಡಿ, ಕತ್ತು ಹೊರಳಿಸಿ ಅಪ್ಪನನ್ನು ನೋಡುತ್ತಿತ್ತು. ಆ ನೋಟ ದೋಜುನ್‌ಗೆ ಚೆನ್ನಾಗಿ ಗೊತ್ತಿತ್ತು. ಜೀವಮಾನವೆಲ್ಲ ಅವನು ಬೇರೆಯವರನ್ನು ನೋಡಿಕೊಂಡು ಬಂದದ್ದೇ ಹಾಗೆ.

ಆದರೆ ಒಂದು ಮಧ್ಯಾಹ್ನ, ಮಗುವಿಗೆ ಆರು ತಿಂಗಳಿದ್ದಾಗ, ಬೋರಾ ಹೊರಗೆ ಹೋಗಿದ್ದಳೆಂದು ತಾನೇ ಸ್ನಾನ ಮಾಡಿಸುತ್ತಿದ್ದ. ನೀರು ಕಣ್ಣಿಗೆ ಹೋಯಿತು. ಮಗು ಬೆಚ್ಚಿಬಿದ್ದು, ಮುಖ ಕೆಂಪಗೆ ಮಾಡಿಕೊಂಡು, ಬಾಯಿ ತುಂಬ ಗಟ್ಟಿಯಾಗಿ ಅತ್ತಿತು. ಹುಟ್ಟಿದ ಮೇಲೆ ಮೊದಲ ಸಲ. ಎರಡೂ ಕೈಯಿಂದ ಅವನ ಅಂಗಿಯ ಕಾಲರ್ ಹಿಡಿದು ಎದೆಗೆ ಮುಖ ಒತ್ತಿಕೊಂಡಿತು, ಬಿಕ್ಕಿತು, ಬಿಕ್ಕುತ್ತಲೇ ಅವನನ್ನು ನೋಡಿ ನಕ್ಕಿತು. ಹಲ್ಲಿಲ್ಲದ, ಜೊಲ್ಲು ಸುರಿಯುವ, ಸಾದಾ ಮಗುವಿನ ನಗು. ಅರಿನ್. ದೋಜುನ್‌ಗೆ ಅನುಮಾನವೇ ಉಳಿಯಲಿಲ್ಲ, ಇವಳೇ ಅರಿನ್, ಇವಳು ಇಲ್ಲೇ ಇದ್ದಾಳೆ. ಮೂರು ಉಸಿರಿನಷ್ಟು ಹೊತ್ತು ಅಷ್ಟೆ. ಆಮೇಲೆ ಕಾಲರ್ ಹಿಡಿದ ಕೈ ಸಡಿಲವಾಯಿತು, ಕಣ್ಣು ಒಣಗಿದವು, ಒಳಗಿನಿಂದ ಆ ಇನ್ನೊಂದು ನೋಟ ಹೊರಗೆ ಬಂದು ಕೂತಿತು.

ಮರುದಿನ ದೋಜುನ್ ಓಕ್ ಮುದುಕನನ್ನು ಹುಡುಕಿಕೊಂಡು ಹೋದ. ಅಚ್ಚುಕೂಟದ ಕಟ್ಟಡ ಕೆಡವಿ ಆಗಿತ್ತು. ಮುದುಕ ಹಿಂದಿನ ಬೀದಿಯ ಒಂಟಿ ಕೋಣೆಯಲ್ಲಿ ತಣ್ಣನೆ ಶಾವಿಗೆ ತಿನ್ನುತ್ತಿದ್ದ. ಎಲ್ಲ ಕೇಳಿ, ತಿನ್ನುವ ಕಡ್ಡಿಗಳನ್ನು ಕೆಳಗಿಟ್ಟ.

“ಮೊದ್ಲೇ ಹೇಳಿದ್ದೆ ಅಂತ ಹೇಳಲ್ಲ. ಹೇಳಿ ಏನು ಉಪಯೋಗ?”

“ದಾರಿ ಹೇಳಿ ಅಜ್ಜ. ಆ ಬೆಟ್ಟದ ಹೆಂಗಸಿನ ಹತ್ರ ಕರ್ಕೊಂಡೋಗಿ. ಎಷ್ಟು ಖರ್ಚಾದ್ರೂ ಪರವಾಗಿಲ್ಲ.”

“ಅವಳು ಸತ್ತು ಎಷ್ಟೋ ಕಾಲ ಆಯ್ತು. ಇದಕ್ಕೆ ಖರ್ಚೇನೂ ಇಲ್ಲ ಸಾಹುಕಾರ್ರೆ. ವರ್ಷ ತುಂಬೋವರ್ಗೂ ಮಗು ಪೂರ್ತಿ ಯಾರದೂ ಅಲ್ಲ. ಹುಟ್ಟುಹಬ್ಬಕ್ಕೆ ಸಾಮಾನು ಎಲ್ಲ ಮುಂದೆ ಇಟ್ಟು ಕೂರಿಸ್ತೀರಲ್ಲ, ಅದು ಕೈ ಚಾಚಿ ಒಂದನ್ನ ಎತ್ಕೊಳ್ಳತ್ತಲ್ಲ, ಆಗ ಅದರೊಳಗೆ ಒಂದು ಜೀವ ನೆಲೆ ನಿಲ್ಲೋದು. ಅದಕ್ಕೆ ಮುಂಚೆ ಅಮ್ಮಾವ್ರ ಹೆಸ್ರು ಅವ್ರಿಗೆ ವಾಪಸ್ ಕೊಡಿ. ‘ಸಹಿ ಹಾಕ್ದೋನು ನಾನು’ ಅಂತ ನಾಲ್ಕು ಜನದ ಮುಂದೆ ಹೇಳಿ. ಆ ನಾಲ್ಕು ಜನ ಹೌದು ಅನ್ಬೇಕು. ಅಷ್ಟೇ.”

“ಅಷ್ಟೇನಾ? ನಾನು ಜೈಲಿಗೆ ಹೋಗ್ತೀನಿ.”

“ಹೋಗ್ತೀರಿ” ಎಂದು ಮುದುಕ ಮತ್ತೆ ಕಡ್ಡಿ ಎತ್ತಿಕೊಂಡ.

ಇನ್ನೂ ಆರು ತಿಂಗಳಿತ್ತು. ಆರು ತಿಂಗಳೂ ದೋಜುನ್ ಒಂದು ಕಡೆ ಮಗಳನ್ನು, ಇನ್ನೊಂದು ಕಡೆ ತನ್ನ ಮರ್ಯಾದೆಯನ್ನು ಇಟ್ಟುಕೊಂಡು ತೂಗಿದ. ಇದಕ್ಕೆ ತಕ್ಕಡಿ ಬೇಕಾಗಿತ್ತೇ? ಬೀದಿಯಲ್ಲಿ ಮೀನು ಮಾರುವವಳನ್ನು ಕೇಳಿದ್ದರೂ ಒಂದು ಗಳಿಗೆಯಲ್ಲಿ ಹೇಳುತ್ತಿದ್ದಳು. ಅವನೋ, ನಾಳೆ ಹೇಳುತ್ತೇನೆಂದು ಇಡೀ ಮಳೆಗಾಲ ಕಳೆದ, ಎಲೆ ಉದುರುವ ಕಾಲ ಕಳೆದ. ಹೊಸ ಪ್ರದರ್ಶನವಿದೆ, ಮುಗಿಯಲಿ. ಹೊಸ ಗಿರಾಕಿ ಬಂದಿದ್ದಾನೆ, ಹೋಗಲಿ. ಹುಟ್ಟುಹಬ್ಬದ ದಿನದ ಹೊತ್ತಿಗೆ ಅವನಿಗೆ ಒಂದು ಉಪಾಯ ಹೊಳೆದಿತ್ತು. ಹೇಡಿಗಳಿಗೆ ಕೊನೆಗೆ ಹೊಳೆಯುವುದು ಉಪಾಯವೇ. ಮಗುವಿನ ಮುಂದೆ ಇಡುವ ಸಾಮಾನಿನಿಂದ ಪೆನ್ಸಿಲ್, ಕುಂಚ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡ, ಆಮೇಲೆ ಹೊರಗೆ ಹೋಗಿ ಹಿಮದಲ್ಲಿ ಎಸೆದು ಬಂದ.

ಸಮಾರಂಭ ಗ್ಯಾಲರಿಯಲ್ಲೇ, ನಡುಹಗಲು. ಐವತ್ತು ಜನ. ಬೋರಾ ತಿಳಿಹಸಿರು ಹಾನ್‌ಬೋಕ್ ಉಟ್ಟು ಓಡಾಡುತ್ತಿದ್ದಳು. ಅಕ್ಕಿಯ ಸಿಹಿ ಕಡುಬುಗಳ ಹಬೆ, ಎಳ್ಳೆಣ್ಣೆಯ ಘಮ. ಮಗುವನ್ನು ಬಣ್ಣದ ಪಟ್ಟೆ ತೋಳಿನ ಅಂಗಿ ಹಾಕಿ ಮೇಜಿನ ಮುಂದೆ ಕೂರಿಸಿದರು. ನೂಲಿನ ಲಡಿ, ಚೆಂಡು, ವೈದ್ಯರ ಸ್ಟೆತಾಸ್ಕೋಪು, ಒಂದು ಬಟ್ಟಲು ಅಕ್ಕಿ.

“ಎತ್ಕೋ ಪುಟ್ಟಿ, ಎತ್ಕೋ!” ಎಂದು ಜನ ಚಪ್ಪಾಳೆ ತಟ್ಟಿದರು.

ಮಗು ಸಾಮಾನುಗಳನ್ನೆಲ್ಲ ಒಂದು ಸುತ್ತು ನೋಡಿತು. ಯಾವುದನ್ನೂ ಮುಟ್ಟಲಿಲ್ಲ. ಮೂಗಿನಿಂದ ಉಸಿರು ಬಿಟ್ಟು, ಕೈಕಟ್ಟಿ ಕೂತಿತು. ಕಾಯುತ್ತಿತ್ತು. ಚಪ್ಪಾಳೆ ನಿಂತಿತು. ಎಳ್ಳೆಣ್ಣೆಯ ಘಮದ ಅಡಿಯಿಂದ ಸುಟ್ಟ ಕೂದಲಿನ ವಾಸನೆ ಏಳತೊಡಗಿತು. ಅದು ದೋಜುನ್‌ಗೆ ಮಾತ್ರ ಬರುತ್ತಿತ್ತು. ಅವನ ಕಾಲಡಿ ಎಲ್ಲೋ ಗರ್ರ್ ಎಂದಿತು.

“ಅವು ನಾನು ಹಾಕಿದ್ದು” ಎಂದುಬಿಟ್ಟ.

ಎಲ್ಲರೂ ತಿರುಗಿದರು. ಅವನು ಗೋಡೆಯ ಮೇಲಿನ ಎರಡು ಹಾಳೆಗಳ ಕಡೆ ಕೈ ತೋರಿಸಿದ. “ಆ ಸಹಿಗಳು. ಏಳೂ. ಮೋ ಯೊನ್‌ಸಿಲ್ ಹಾಕಿದ್ದಲ್ಲ, ನಾನು. ನಾನು ಕದ್ದಿದ್ದು. ದಯವಿಟ್ಟು ಹೌದು ಅನ್ನಿ. ಒಂದು ನಾಲ್ಕು ಜನ ಹೌದು ಅನ್ನಿ ಸಾಕು.”

ಪ್ರೊಫೆಸರ್ ಹ್ವಾಂಗ್‌ಬೊ ಹೊಟ್ಟೆ ಅಲುಗಿಸಿ ನಕ್ಕ.

“ಮಗಳ ಹುಟ್ಟುಹಬ್ಬದಲ್ಲಿ ಇಷ್ಟು ಬೇಗ ಏರಿಸಿಬಿಟ್ರಾ ಗಿಲ್ ಅವ್ರೆ? ನಾನು ಒಂದು ಗಂಟೆ ಭೂತಗನ್ನಡೀಲಿ ನೋಡಿದ ಸಹಿ ಅದು. ನಿಮ್ಮ ಕೈಗೆ ಅಷ್ಟು ಬಂದಿದ್ರೆ ಅಂಗಡಿ ಯಾಕೆ ಇಡ್ತಿದ್ರಿ?”

“ನಿಜ ಹೇಳ್ತಿದ್ದೀನಿ ಸಾರ್! ನನ್ನ ಕೈಗೆ ಬೇರೆ ಏನೂ ಬರೆಯೋಕೇ ಬರಲ್ಲ! ಒಂದು ವರ್ಷದಿಂದ…”

“ಹೌದಾ? ಹಾಕಿ ನೋಡೋಣ.” ಹ್ವಾಂಗ್‌ಬೊ ಎದೆಯ ಜೇಬಿನಿಂದ ಪೆನ್ಸಿಲ್ ತೆಗೆದು, ಆಮಂತ್ರಣ ಪತ್ರಿಕೆಯ ಬೆನ್ನು ತಿರುಗಿಸಿ ಮೇಜಿನ ಮೇಲಿಟ್ಟ. ಜನ ಸುತ್ತ ಮುತ್ತಿಕೊಂಡರು.

ದೋಜುನ್ ಪೆನ್ಸಿಲ್ ಹಿಡಿದ. ಜೀವನದಲ್ಲಿ ಮೊದಲ ಸಲ ತಪ್ಪಿತಸ್ಥನೆಂದು ಸಾಬೀತಾಗಲು ಹಾತೊರೆಯುತ್ತಿದ್ದ. ಒಂದು ವರ್ಷ ಬೇಡವೆಂದರೂ ಬರೆದ ಕೈ. ಈಗ ಬರೆಯಲಿ. ಬರೆಯಿತು. ಸರಾಗವಾಗಿ, ಅಂದವಾಗಿ, ನಡುಕವೇ ಇಲ್ಲದೆ.

ಗಿಲ್ ದೋಜುನ್.

ಇಡೀ ಗ್ಯಾಲರಿ ನಕ್ಕಿತು. ಬೋರಾ ನಾಚಿಕೆಯಿಂದ ಕೆಂಪಾಗಿ, “ಸಾಕು ಮಾಡ್ರೀ, ಮಾನ ಕಳೀಬೇಡಿ” ಎಂದಳು. ಅವನು ಮತ್ತೆ ಬರೆದ. ಗಿಲ್ ದೋಜುನ್. ಮೋ ಎಂದು ಬಾಯಿಬಿಟ್ಟು ಹೇಳಿಕೊಂಡು ಬರೆದ. ಗಿಲ್ ದೋಜುನ್. ಕೈ ಬೆಚ್ಚಗಿತ್ತು. ತನ್ನದೇ ಕೈ, ಹಳೆಯ ಕೈ, ಖಾಲಿ ಮಾಡಿಕೊಟ್ಟ ಮನೆಯ ಹಾಗೆ. ಅದರಲ್ಲಿ ಈಗ ಯಾರೂ ಇರಲಿಲ್ಲ. ಹಾಗಾದರೆ ಎಲ್ಲಿ? ಅವನಿಗೆ ತಿಳಿಯಿತು. ಪೆನ್ಸಿಲ್ ಬೆರಳಿನಿಂದ ಜಾರಿತು. ಮೇಜಿನ ಮೇಲೆ ಬಿತ್ತು. ಉರುಳಿತು. ನೂಲಿನ ಲಡಿ ದಾಟಿತು. ಅಕ್ಕಿಯ ಬಟ್ಟಲಿಗೆ ತಗಲಿ ನಿಂತಿತು.

ಮಗು ಕೈ ಚಾಚಿತು.

“ಬೇಡ” ಎಂದ. ಹಾರಿ ಹಿಡಿಯಹೋದ. ಮಗುವಿನ ಎಡಗೈಗೆ ಅವನ ಕಿರುಬೆರಳು ಸಿಕ್ಕಿತು. ಆ ಪುಟ್ಟ ಕೈ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬೆವೆತಿತ್ತು, ನಡುಗುತ್ತಿತ್ತು, ಬಿಡಬೇಡ ಎನ್ನುವಂತಿತ್ತು. ಬಲಗೈ ಪೆನ್ಸಿಲ್ ಎತ್ತಿಕೊಂಡಿತು. ಮೂರು ಬೆರಳು. ಆಮಂತ್ರಣದ ಹಾಳೆ ಎಳೆದುಕೊಂಡಿತು. ಅವನ ಹೆಸರುಗಳ ಪಕ್ಕ ಮೊನೆ ಊರಿತು. ಮೋ. ಎಡಗೈ ಇನ್ನಷ್ಟು ಬಿಗಿಯಿತು. ಯೊನ್. ಉಗುರು ಚರ್ಮಕ್ಕೆ ನಾಟಿತು. ಸಿಲ್. ಪೆನ್ಸಿಲ್ ಮೇಲೆದ್ದಿತು, ಹಾಳೆಯಿಂದ ಅರೆಗೂದಲು ಎತ್ತರದಲ್ಲಿ ಒಂದು ಕ್ಷಣ ನಿಂತಿತು. ಅವನ ಏಳು ಸಹಿಗಳಲ್ಲಿ ಒಂದಕ್ಕೂ ಆ ಕ್ಷಣ ಬಂದಿರಲಿಲ್ಲ. ಹೋಲಿಸಿದರೆ ಅವು ಶಾಲೆಯ ಮಕ್ಕಳು ಕಾಪಿ ಹೊಡೆದಂತಿದ್ದವು, ಅದನ್ನೂ ಅವನು ಕಂಡ. ಎಡಗೈಯ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಕಿರುಬೆರಳು ಗಾಳಿಯಲ್ಲಿ ಉಳಿಯಿತು.

ಮಗು ತಲೆಯೆತ್ತಿ ಅವನನ್ನು ನೋಡಿತು. ತುಟಿಯ ಒಂದೇ ಮೂಲೆಯಲ್ಲಿ ನಕ್ಕಿತು.

ಚಪ್ಪಾಳೆಗೆ ಗಾಜುಗಳು ಅದುರಿದವು. “ಪೆನ್ಸಿಲ್! ಪೆನ್ಸಿಲ್ ತಗೊಂಡ್ಲು! ಏನೋ ಗೀಚಿಯೂ ಬಿಟ್ಲು ನೋಡಿ!” “ದೊಡ್ಡ ವಿದ್ಯಾವಂತೆ ಆಗ್ತಾಳೆ!” ಹ್ವಾಂಗ್‌ಬೊ ಕಡುಬು ಬಾಯಿಗೆ ಹಾಕಿಕೊಂಡು, ಅಪ್ಪನಿಗಿಂತ ಮಗಳೇ ವಾಸಿ ಎಂದ. ಬೋರಾ ಆನಂದದಿಂದ ಅಳುತ್ತ ಮಗುವನ್ನು ಎತ್ತಿ ಮುದ್ದಿಸಿದಳು. “ನಮ್ಮ ಯೊನ್‌ಸಿಲ್! ನಮ್ಮ ಬಂಗಾರ ಯೊನ್‌ಸಿಲ್!”

ದೋಜುನ್ ಅವಳ ಹಿಂದೆಯೇ ಬಂದು ನಿಂತ. ತೋಳು ಚಾಚಿದ, ಮುಟ್ಟಲು ಧೈರ್ಯ ಬರಲಿಲ್ಲ. ದೇಗುವಿನ ಗಲ್ಲಿಯ ರಾಗ ತುಂಬಿದ ದನಿಯಲ್ಲಿ ಕರೆದ.

“ಅರಿನ್… ಅರಿನ್, ಕಂದ…”

ಮಗು ತಿರುಗಲಿಲ್ಲ. ಬೋರಾ ಕಣ್ಣೊರೆಸಿಕೊಳ್ಳುತ್ತ ತಿರುಗಿದಳು.

“ಅರಿನ್ ಯಾರ್ರೀ?” ಎಂದು ಕೇಳಿದಳು.